ಬಾಗಿಲ ಸಂದಿನ ‘ತಪ್ಪಾತು’

ನಮ್ಮ ಮನೆಯ ಅಡುಗೆಕೋಣೆಗೆ ಕಿಟಕಿ ಇರಲಿಲ್ಲ. ವಕೀಲ ಅಂಜಿನಪ್ಪನವರಿಗೆ ನಾನು ಬರೆದುಕೊಟ್ಟ ನಲವತ್ತು ಪುಟಗಳಲ್ಲಿ ಅವರು ಮೊದಲು ಕೆಂಪು ಪೆನ್ನು ಆಡಿಸಿದ್ದು ಈ ವಾಕ್ಯದ ಕೆಳಗೆ. ಬೇಕಾದ ಮಾತಿಗೆ ಅಡಿಗೆರೆ, ಬೇಡವಾದದ್ದಕ್ಕೆ ಅಡ್ಡಗೆರೆ. ನಲವತ್ತು ಪುಟ ಕೊನೆಗೆ ಎರಡೂವರೆ ಪುಟವಾಗಿ ಕೋರ್ಟಿಗೆ ಹೋಯಿತು. ಉಳಿದದ್ದು ನನ್ನ ಹತ್ತಿರವೇ ಇದೆ, ಎಲ್ಲಿಡಬೇಕೋ ತಿಳಿಯದೆ ಇಲ್ಲಿ ಇಡುತ್ತಿದ್ದೇನೆ. ನನ್ನ ತಮ್ಮ ಕೊಟ್ರೇಶ ಇಬ್ಬರನ್ನು ಕೊಂದ. ತನ್ನ ಜೊತೆಯಲ್ಲೇ ಗೂಡ್ಸ್ ಗಾಡಿ ಓಡಿಸುತ್ತಿದ್ದ ನಾಗರಾಜನನ್ನು, ಮಗನ ಕೂಗು ಕೇಳಿ ಒಳಗಿನಿಂದ ಓಡಿಬಂದ ಅವನ ತಾಯಿಯನ್ನು. ಹಿಂದಿನ ದಿನ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಜಗಳವಾಗಿ ನಾಗರಾಜ ನಾಲ್ಕು ಜನರ ಮುಂದೆ ಇವನಿಗೆ ಚಪ್ಪಲಿಯಲ್ಲಿ ಹೊಡೆದಿದ್ದ. ಮರುದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಇವನು ಕೊಡಲಿ ಹಿಡಿದು ಅವರ ಮನೆಗೆ ಹೋದ. ಇದನ್ನು ಬರೆಯುವಾಗಲೂ ನನ್ನ ಅಕ್ಷರ ಬದಲಾಗುವುದಿಲ್ಲ. ನಾನು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಆರೋಗ್ಯ ಉಪಕೇಂದ್ರದ ನರ್ಸು; ದಿನವಿಡೀ ರಿಜಿಸ್ಟರು ಬರೆದು ಬರೆದು ನನ್ನ ಕೈಗೆ ಯಾವುದನ್ನಾದರೂ ಒಂದೇ ಥರದ ಅಕ್ಷರದಲ್ಲಿ ಬರೆಯುವ ಅಭ್ಯಾಸವಾಗಿಬಿಟ್ಟಿದೆ.

ತಪ್ಪಿತಸ್ಥ ಎಂದು ತೀರ್ಪು ಬಂದ ದಿನ ಶಿಕ್ಷೆ ಹೇಳಲಿಲ್ಲ. ಶಿಕ್ಷೆಯ ಪ್ರಮಾಣದ ಮೇಲೆ ವಾದ ಕೇಳಲು ನ್ಯಾಯಾಧೀಶರು ಒಂದು ತಿಂಗಳ ಮೇಲಿನ ದಿನ ಕೊಟ್ಟರು. ಅಂಜಿನಪ್ಪನವರು ಹರಪನಹಳ್ಳಿಯವರು, ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಸರ್ಕಾರ ಕೊಡುವ ವಕೀಲರು. ಆ ದಿನ ಕೋರ್ಟಿನ ಬೇವಿನ ಮರದ ಕೆಳಗೆ ನಿಂತು, ಎಲೆಯಡಿಕೆ ಬಾಯಲ್ಲಿ ಅದುಮಿಕೊಂಡೇ ಹೇಳಿದರು.

“ಕೊಂದಿಲ್ಲ ಅಂತ ವಾದಿಸೋ ಹೊತ್ತು ಮುಗೀತು ಸಿಸ್ಟರ್. ಇನ್ನು ಉಳಿದಿರೋದು ಗಲ್ಲೋ ಜೀವಾವಧಿಯೋ ಅನ್ನೋದೊಂದೇ. ಕೊಂದೋನು ಯಾರು, ಎಂಥ ಮನೇಲಿ ಬೆಳೆದ, ಏನು ಉಂಡ, ಯಾರ ಕೈಲಿ ಹೊಡಿಸ್ಕಂಡ, ಅಷ್ಟೂ ಬೇಕು ನಂಗೆ. ಬರೆದು ಕೊಡ್ರಿ.”

“ಚಲೋದೂ ಬರೀಲೇನ್ರಿ?”

“ಚಲೋದು ಬರೆದಷ್ಟೂ ಹಗ್ಗ ಹತ್ರ ಬರ್ತೈತೆ. ಜಡ್ಜು ಏನು ಕಟುಕ ಅಲ್ಲ. ಗಲ್ಲು ಕೊಡದೇ ಇರೋಕೆ ಅವರಿಗೂ ಒಂದು ಕಾರಣ ಬೇಕು, ಕಾಗದದ ಮೇಲೆ. ಅದನ್ನ ಹುಡುಕಿ ಅವರ ಕೈಗಿಡೋದೇ ನನ್ನ ಕೆಲಸ.”

ಹಾಗೆ ನಾನು ನಮ್ಮ ಮನೆಯನ್ನು ಬರೆಯಲು ಕೂತೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಕಡೆಯ ಕುರುಚಲು ಗುಡ್ಡಗಳ ಬುಡದಲ್ಲಿ ಒಂದು ಹಳ್ಳಿ, ಅದರ ಕೊನೆಯ ಓಣಿಯಲ್ಲಿ ಉದ್ದುದ್ದ ಒಂದೇ ಸಾಲಿನ ಮನೆ. ಮೊದಲು ಆಡು ಕಟ್ಟುವ ತಗ್ಗಿನ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಕೋಣೆ. ಅಷ್ಟೇ. ಅಡುಗೆಕೋಣೆಯ ಬಾಗಿಲಿಗೂ ರಾಗಿ ತುಂಬುವ ಮಣ್ಣಿನ ವಾಡೆಗೂ ನಡುವೆ ಒಂದು ಮೊಳದಷ್ಟು ಸಂದಿತ್ತು. ಅದು ನನ್ನ ಜಾಗ. ಅಲ್ಲಿ ಕೂತು ಓದಿದ್ದೇನೆ, ಅಲ್ಲೇ ಕದ್ದು ಬೆಲ್ಲ ತಿಂದಿದ್ದೇನೆ, ದೊಡ್ಡವಳಾದ ದಿನ ಹೆದರಿ ಅಡಗಿದ್ದೂ ಅಲ್ಲೇ. ಗೋಡೆಗೆ ಮೊಳೆ ಹೊಡೆದು ಒಣಮೆಣಸಿನಕಾಯಿಯ ಸರ ತೂಗುಹಾಕಿರುತ್ತಿದ್ದರು. ಅವ್ವ ಮುದ್ದೆ ಕಟ್ಟುವಾಗ ಬಲಗೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು. ಕೊಟ್ರೇಶನ ಮುದ್ದೆಗೆ ಮಾತ್ರ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ ಹುರುಳಿ ಸಾರಿನ ಮೇಲಿನ ಎಣ್ಣೆಯನ್ನು ಅದರಲ್ಲಿ ತುಂಬುತ್ತಿದ್ದಳು. ನನಗೆ ಗುಳಿ ಇರಲಿಲ್ಲ. ಅದಕ್ಕೆ ನಾನು ವರ್ಷಗಟ್ಟಲೆ ಉರಿದುಕೊಂಡಿದ್ದೇನೆ. ಗುಳಿಯ ಮಾತಿಗೆ ಅಂಜಿನಪ್ಪನವರು ಅಡ್ಡಗೆರೆ ಎಳೆದರು.

ಅಪ್ಪ ಕಲ್ಲು ಒಡೆಯುವವನು. ಕಲ್ಲಿನ ಮುಂದೆ ಗಂಡಸು, ಮನೆಯಲ್ಲಿ ಇದ್ದೂ ಇಲ್ಲದವನು. ಜಗಳ ಶುರುವಾಗುವ ಮೊದಲೇ ಅವನಿಗೆ ಅದರ ವಾಸನೆ ಹತ್ತುತ್ತಿತ್ತು. ಟವೆಲು ಕೊಡವಿ ಹೆಗಲಿಗೆ ಹಾಕಿ ಹುಣಸೆಮರದ ಕಟ್ಟೆಗೆ ಹೋಗಿಬಿಡುತ್ತಿದ್ದ. ಅವ್ವ ಹಿಂದಿನಿಂದ ಕೂಗುತ್ತಿದ್ದಳು.

“ಹೋಗು, ಹೋಗು. ಮಕ್ಳು ನಾನೊಬ್ಬಾಕಿನ ಹಡದೀನಿ, ನೀ ಯಾಕ ಇರ್ತಿ.”

ಅಪ್ಪ ತಿರುಗಿಯೂ ನೋಡುತ್ತಿರಲಿಲ್ಲ. ಅವನು ಸತ್ತಾಗಲೂ ಹಾಗೆಯೇ, ಮಾತಿಲ್ಲದೆ ಎದ್ದು ಹೋದ ಹಾಗೆ ಹೋದ. ಅವನ ಮೇಲೆ ನನಗೆ ಸಿಟ್ಟಿದೆ. ಹೊಡೆದವಳ ಮೇಲೆ ಇರುವುದಕ್ಕಿಂತ ಹೆಚ್ಚಿದೆ.

ಕೊಟ್ರೇಶ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಏಳೆಂಟು ವರ್ಷದ ಹೊತ್ತಿಗೆ ಅವನ ಮೇಲಿನ ದೂರು ಬಾಗಿಲಿಗೆ ಬರತೊಡಗಿತು. ಒಬ್ಬರ ಹುಡುಗನ ಹಣೆಗೆ ಕಲ್ಲು ಬೀಸಿದ, ಇನ್ನೊಬ್ಬರ ಕೋಳಿಯ ಕಾಲು ಮುರಿದ, ಕುಡಿಯುವ ನೀರಿನ ತೊಟ್ಟಿಗೆ ಸಗಣಿ ಹಾಕಿದ. ದೂರು ತಂದವರು ಆಡು ಕಟ್ಟುವ ಜಾಗದಲ್ಲಿ ನಿಂತುಕೊಳ್ಳುತ್ತಿದ್ದರು, ಒಳಗೆ ಬರುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಅವ್ವ ಅವರಿಗೆ ಒಂದು ಮಾತೂ ಎದುರು ಹೇಳುತ್ತಿರಲಿಲ್ಲ. ಕೊಟ್ರೇಶನ ರಟ್ಟೆ ಹಿಡಿದು ಅಡುಗೆಕೋಣೆಗೆ ಎಳೆದುಕೊಂಡು ಹೋಗಿ, ಒಡೆದ ಹಂಚಿನ ಚೂರಿಗೆ ಒಲೆಯ ಕೆಂಡ ತೆಗೆದು, ಅದರ ಮೇಲೆ ಮೂರು ಒಣಮೆಣಸಿನಕಾಯಿ ಹಾಕುತ್ತಿದ್ದಳು. ಅವನ ತಲೆಯ ಮೇಲೆ ಕಂಬಳಿ ಮುಚ್ಚಿ ಕುತ್ತಿಗೆ ಬಗ್ಗಿಸಿ ಹಿಡಿಯುತ್ತಿದ್ದಳು. ಕಿಟಕಿ ಇಲ್ಲದ ಕೋಣೆ. ಅವಳೂ ಕೆಮ್ಮುತ್ತಿದ್ದಳು, ಸಂದಿನಲ್ಲಿ ನಾನೂ ಕೆಮ್ಮುತ್ತಿದ್ದೆ, ಹೊರಗೆ ನಿಂತವರಿಗೂ ಘಾಟು ಹತ್ತುತ್ತಿತ್ತು. ಅವನು ‘ತಪ್ಪಾತು’ ಅನ್ನಬೇಕು. ಅಂದ ಕೂಡಲೇ ಕಂಬಳಿ ತೆಗೆಯುವುದು ನಿಯಮ. ಹೊರಗಿನವರು ಕಾಯುತ್ತಿದ್ದದ್ದೂ ಆ ಒಂದು ಮಾತಿಗೇ. ಅದು ಕಿವಿಗೆ ಬಿದ್ದರೆ ಸಾಕು, ಅವರೇ ಮರುಕಪಟ್ಟು ಹೇಳುತ್ತಿದ್ದರು.

“ಸಾಕು ಬಿಡವ್ವ ಹುಲಿಗೆವ್ವ, ಸಣ್ಣುಡುಗ. ಅಂದನಲ್ಲ.”

ಅಷ್ಟು ಹೇಳಿ ಹೋಗುತ್ತಿದ್ದರು. ಮರುದಿನ ಅವರ ಮನೆಯ ಮಜ್ಜಿಗೆ ನಮಗೆ, ನಮ್ಮ ಹುಣಸೆಹಣ್ಣು ಅವರಿಗೆ. ಓಣಿಯಲ್ಲಿ ಬಾಳುವುದು ಹಾಗೆ ನಡೆಯುತ್ತಿತ್ತು. ಆದರೆ ಕೊಟ್ರೇಶ ಆ ಮಾತು ಅನ್ನುತ್ತಿರಲಿಲ್ಲ. ಮೊದಲ ಸಲ ಎಷ್ಟು ಹೊತ್ತಾದರೂ ಅನ್ನಲಿಲ್ಲ. ಕಂಬಳಿಯ ಕೆಳಗಿನಿಂದ ಮೊದಲು ಕೆಮ್ಮು ಬಂತು, ಆಮೇಲೆ ಒಂದು ಕ್ಷೀಣ ಸದ್ದು, ಆಮೇಲೆ ಸದ್ದೂ ಇಲ್ಲ. ನನಗೆ ಹನ್ನೊಂದು ವರ್ಷ. ಲಂಗದ ಅಂಚನ್ನು ಬಾಯಿಗೆ ಒತ್ತಿಕೊಂಡು, ಗಂಟಲು ದಪ್ಪ ಮಾಡಿ, ಅವನ ದನಿಯಲ್ಲಿ ನಾನು ಅಂದೆ: ‘ತಪ್ಪಾತೂ.’ ಅವ್ವ ಕೈ ಬಿಟ್ಟಳು. ಹೊರಗಿನವರು ಹೋದರು. ಕೊಟ್ರೇಶ ಹೊರಗೆ ಬಂದು ನನ್ನನ್ನು ನೋಡಿದ. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಅಲ್ಲಿಂದ ಮುಂದೆ ಐದಾರು ವರ್ಷ, ಅವನ ಮೀಸೆ ಚಿಗುರಿ ಅವ್ವನ ಕೈಗೆ ಸಿಗದಂತಾಗುವವರೆಗೆ, ಪ್ರತಿ ಸಲವೂ ನಾನೇ ಅಂದೆ. ಅವ್ವನನ್ನು ಎಷ್ಟು ಚೆನ್ನಾಗಿ ಏಮಾರಿಸಿದೆ ಎಂಬ ಹೆಮ್ಮೆಯೂ ಇತ್ತು. ಇವತ್ತು ಉಪಕೇಂದ್ರದಲ್ಲಿ ಸೂಜಿಗೆ ಹೆದರಿದ ಕೂಸಿಗೆ ಬದಲಾಗಿ ನಾನೇ ‘ಅಯ್ಯೋ’ ಅನ್ನುತ್ತೇನೆ, ತಾಯಂದಿರು ನಗುತ್ತಾರೆ. ಬೇರೆಯವರ ಬಾಯಿಯ ಮಾತನ್ನು ಆಡುವ ಈ ಚಟ ನನಗೆ ಹತ್ತಿದ್ದು ಆ ಸಂದಿನಲ್ಲಿ.

ಮೆಣಸಿನಕಾಯಿಗೆ ಇನ್ನೊಂದು ಕೆಲಸವೂ ಇತ್ತು. ಅದೇ ದಿನ ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಕೊಟ್ರೇಶನನ್ನು ಹೊಸ್ತಿಲ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಿದ್ದಳು. ಮುಷ್ಟಿಯಲ್ಲಿ ಉಪ್ಪು, ಅದೇ ಸರದಿಂದ ಕಿತ್ತ ಮೂರು ಮೆಣಸಿನಕಾಯಿ. ಮೂರು ಸಲ ಅವನ ತಲೆಯ ಸುತ್ತ ಇಳಿ ತೆಗೆದು, ‘ಓಣಿಯವರ ಕಣ್ಣು, ಬಂದೋರ ಕಣ್ಣು, ಹಡದಾಕಿ ಕಣ್ಣು’ ಎಂದು ಗೊಣಗಿ, ಅದನ್ನು ಒಲೆಗೆ ಹಾಕುತ್ತಿದ್ದಳು. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿತ್ತು ಎಂದು ಲೆಕ್ಕ. ಆ ಹೊತ್ತಿನಲ್ಲಿ ಘಾಟು ಬಂದ ನೆನಪು ನನಗಿಲ್ಲ. ಬೆಳಿಗ್ಗೆ ಉಸಿರು ಕಟ್ಟಿಸಿದ ಕಾಯಿ ಸಂಜೆ ಯಾಕೆ ಸುಮ್ಮನಿರುತ್ತದೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಇದನ್ನು ಒಂದೂವರೆ ಪುಟ ಬರೆದಿದ್ದೆ. ಅಂಜಿನಪ್ಪನವರು ಇಡೀ ಒಂದೂವರೆ ಪುಟಕ್ಕೆ ಅಡ್ಡಗೆರೆ ಎಳೆದರು.

“ಬೆಳಿಗ್ಗೆ ಮೆಣಸಿನಕಾಯಿ ಇರ್ಲಿ ಸಿಸ್ಟರ್, ಸಂಜೆದು ಬ್ಯಾಡ. ತಾಯಿ ಪ್ರೀತಿ ಬಂತು ಅಂದ್ರೆ ನಮ್ಮ ವಾದ ಸಡಿಲ ಆಗ್ತೈತೆ.”

“ಎರಡೂ ಆಕಿನ ಮಾಡ್ಯಾಳಲ್ರಿ.”

“ಮಾಡಿರಬೋದು. ಎರಡನ್ನೂ ತಗಂಡು ನಾನು ಜಡ್ಜಿಗೆ ಏನಂತ ಹೇಳ್ಲಿ?”

ಅವರು ಕಡತದಲ್ಲಿ ಒಂದೊಂದನ್ನೇ ಜೋಡಿಸುತ್ತಿದ್ದರು. ಹಿಂದೆ ಯಾವ ಕೇಸೂ ಇಲ್ಲ. ಹೆಂಡತಿ ಇದ್ದಾಳೆ, ಕಾಲೇಜು ಓದುವ ಮಗಳಿದ್ದಾಳೆ. ಜೈಲಿನಲ್ಲಿ ಯಾರೊಂದಿಗೂ ಜಗಳವಿಲ್ಲ, ಅಡುಗೆಮನೆಯಲ್ಲಿ ದುಡಿಯುತ್ತಾನೆ ಎಂದು ಅಲ್ಲಿಂದ ಬಂದ ಪತ್ರ. ಆಮೇಲೆ ಬಾಲ್ಯ. ಕೊನೆಗೆ ಪೆನ್ನಿನ ಕ್ಯಾಪು ಹಾಕಿ ಕೇಳಿದರು.

“ಎಲ್ಲಕ್ಕಿಂತ ಮೇಲಿಂದು ಪಶ್ಚಾತ್ತಾಪ. ನಾನು ಜೈಲಿಗೆ ನಾಲ್ಕು ಸಲ ಹೋಗಿದೀನಿ, ಬಾಯೇ ಬಿಡವಲ್ಲ. ತಪ್ಪಾಯ್ತು ಅನ್ನೋ ಮಾತು ಅವನ ಬಾಯಿಂದ ಯಾವತ್ತಾದ್ರೂ ಬಂದೈತಾ?”

ನಾನು ಇಲ್ಲ ಅಂದೆ. ಯಾಕೆ ಬಂದಿಲ್ಲ ಎಂಬುದನ್ನು ಹೇಳಲಿಲ್ಲ. ಬರೆದುಕೊಟ್ಟ ಪುಟಗಳಲ್ಲೂ ಅದು ಇರಲಿಲ್ಲ. ಅವನು ಕಲಿಯಬೇಕಾದ ಮಾತನ್ನು ಕಲಿಯದ ಹಾಗೆ ಮಾಡಿದವಳು ನಾನೇ ಎಂದು ಮನೆಗೆ ಬರುವ ಬಸ್ಸಿನಲ್ಲಿ ಅನ್ನಿಸಿತು. ಅನ್ನಿಸಿ, ಅಲ್ಲೇ ನಿಂತಿತು. ಅಳು ಬರಲಿಲ್ಲ.

ಈ ನಡುವೆ ಎಡವಟ್ಟೊಂದಾಯಿತು. ಮನೆಯ ಪರಿಸ್ಥಿತಿ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಅಧಿಕಾರಿಯನ್ನು ಕಳಿಸಿತು. ಅವ್ವ, ಕೊಟ್ರೇಶನ ಹೆಂಡತಿ, ಮಗಳು ಇರುವುದು ಅದೇ ಹಳೆಯ ಮನೆಯಲ್ಲಿ. ಸಾಹೇಬರು ಬರುತ್ತಾರೆ ಎಂದು ಮೂರು ದಿನ ಮೊದಲೇ ಗೊತ್ತಾಗಿಬಿಟ್ಟಿತ್ತು. ಅವ್ವ ಗೋಡೆಗೆ ಸುಣ್ಣ ಬಳಿಸಿದಳು, ನೆಲ ಸಾರಿಸಿದಳು, ಎದುರು ಮನೆಯಿಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೇಲಿನ ಓಣಿಯಿಂದ ಹೂವಿನ ಚಿತ್ರದ ಚಹಾ ಕಪ್ಪು ತರಿಸಿದಳು. ಮಂಡಕ್ಕಿ ಒಗ್ಗರಣೆ ಮಾಡಿ ತಟ್ಟೆ ತುಂಬ ಸುರಿದಳು. ನಾನು ಡ್ಯೂಟಿ ಮುಗಿಸಿ ಹೋಗುವಷ್ಟರಲ್ಲಿ ಅಧಿಕಾರಿ ಜೀಪು ಹತ್ತುತ್ತಿದ್ದರು. ಅವ್ವನ ಮುಖದಲ್ಲಿ ಹೆಣ್ಣು ನೋಡಲು ಬಂದವರನ್ನು ಒಪ್ಪಿಸಿ ಕಳಿಸಿದ ಸಮಾಧಾನವಿತ್ತು.

“ಏನು ಕೇಳಿದ್ರು?”

“ನಿಮ್ಮ ಮಗ ಸಣ್ಣವ ಇದ್ದಾಗ ಮನ್ಯಾಗ ಏನರ ತ್ರಾಸು ಇತ್ತೇನವ್ವ ಅಂದ್ರು. ಏನೇನೂ ಇಲ್ರಿ ಸಾಹೇಬ್ರ, ಹೊಟ್ಟಿ ತುಂಬ ಉಂಡು ಬೆಳದಾನ, ಚಲೋ ಬುದ್ಧಿ ಕಲಿಸಿ ಬೆಳಸೀನಿ ಅಂದೆ.”

ವರದಿಯಲ್ಲಿ ‘ಕುಟುಂಬದ ವಾತಾವರಣ ಉತ್ತಮವಾಗಿರುತ್ತದೆ’ ಎಂದು ಬಂತು. ಅಂಜಿನಪ್ಪನವರು ಅದನ್ನು ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು. ಅವರೇ ಒಂದು ದಿನ ಗುಡ್ಡದ ದಾರಿ ಹಿಡಿದು ಬಂದು, ಅವ್ವನ ಮುಂದೆ ನೆಲದ ಮೇಲೆ ಕೂತು, ಕೋರ್ಟಿನಲ್ಲಿ ನಿಜ ಹೇಳಬೇಕೆಂದು ಬೇಡಿದರು. ಅವ್ವ ಅವರಿಗೆ ಉಣ್ಣಲು ಬಡಿಸುತ್ತಲೇ ಉತ್ತರ ಕೊಟ್ಟಳು.

“ನನ್ನ ಮನಿ ಕೆಟ್ಟ ಮನಿ ಅಂತ ನನ್ನ ಬಾಯಿಲೆ ಹೇಳಸ್ತೀರೇನ್ರಿ? ಮೊಮ್ಮಗಳ ಲಗ್ನ ಆಗೂದೈತಿ.”

“ನಿಮ್ಮ ಮಗ ಉಳೀಬೇಕಲ್ಲ ತಾಯಿ.”

“ಅವರವ್ವನೂ ಉಳೀಲಿಲ್ಲಲ್ರಿ,” ಎಂದಳು ಅವ್ವ. ನಾಗರಾಜನ ತಾಯಿಯ ಬಗ್ಗೆ ಹೇಳಿದ ಮಾತದು. ಆಮೇಲೆ ಸಾರು ಹಾಕಲೇ ಎಂದು ಕೇಳಿದಳು. ವಕೀಲರು ಉಂಡು ಎದ್ದರು.

ವಾದದ ದಿನ ಕೋರ್ಟು ತುಂಬಿತ್ತು. ಕ್ಲರ್ಕು ‘ಕೊಟ್ರೇಶ’ ಎಂದು ಕೂಗಿದಾಗ ಮೂರು ಜನ ಎದ್ದು ನಿಂತರು. ಕೊಟ್ಟೂರು ಸೀಮೆಯಲ್ಲಿ ಮನೆಗೊಬ್ಬ ಕೊಟ್ರೇಶ. ಉಳಿದಿಬ್ಬರು ಕೂತ ಮೇಲೆ ನನ್ನ ತಮ್ಮ ಕಟಕಟೆಯಲ್ಲಿ ನಿಂತಿರುವುದು ಕಾಣಿಸಿತು. ಕೂದಲು ಬೆಳ್ಳಗಾಗಿತ್ತು. ಬಾಗಿಲ ಪಕ್ಕದ ಬೆಂಚಿನಲ್ಲಿ ನಾಗರಾಜನ ಹೆಂಡತಿ ರೇಣುಕಾ ಕೂತಿದ್ದಳು. ಒಂದೇ ದಿನ ಗಂಡನ ಹೆಣವನ್ನೂ ಅತ್ತೆಯ ಹೆಣವನ್ನೂ ಎತ್ತಿಸಿದವಳು. ನಾನು ಅವಳ ಕಡೆ ನೋಡಲಿಲ್ಲ, ನೋಡಲು ನನಗೆ ಮುಖವಿರಲಿಲ್ಲ. ಸರ್ಕಾರಿ ವಕೀಲರು ಎರಡು ಜೀವ, ಮುದುಕಿ, ನಿರಾಯುಧರು, ಸ್ವಂತ ಮನೆಯೊಳಗೆ ಎಂದು ಒಂದೊಂದನ್ನೇ ಬೆರಳು ಮಡಚಿ ಹೇಳಿದರು. ಯಾವುದೂ ಸುಳ್ಳಲ್ಲ. ಅಂಜಿನಪ್ಪನವರು ಎದ್ದು, ಇದು ಹೊಂಚಿ ಮಾಡಿದ್ದಲ್ಲ, ಅವಮಾನದ ಉರಿಯಲ್ಲಿ ಮಾಡಿದ್ದು ಎಂದರು. ಜೈಲಿನ ಪತ್ರ ಓದಿದರು. ಮಗಳ ಓದು ಹೇಳಿದರು. ಸುಧಾರಿಸುವ ದಾರಿ ಪೂರ್ತಿ ಮುಚ್ಚಿದೆ ಎಂದು ಸರ್ಕಾರ ತೋರಿಸಿಲ್ಲ ಎಂದರು. ಆಮೇಲೆ ನಮ್ಮ ಅಡುಗೆಕೋಣೆಗೆ ಬಂದರು. ಕಿಟಕಿ ಇಲ್ಲದ ಕೋಣೆ, ಏಳು ವರ್ಷದ ಮಗು, ಕಂಬಳಿ. ನಮ್ಮ ಮನೆ ಕಪ್ಪು ಕೋಟು ಹಾಕಿಕೊಂಡವರ ನಡುವೆ ಹಾಗೆ ಬಯಲಾಗಿ ನಿಂತಾಗ ನನಗೆ ಏನೂ ಅನ್ನಿಸಲಿಲ್ಲ. ಪಕ್ಕದಲ್ಲಿ ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

“ಶಿಕ್ಷೆಯ ಬಗ್ಗೆ ನೀನು ಹೇಳುವುದೇನಾದರೂ ಇದೆಯೇ?” ಎಂದು ನ್ಯಾಯಾಧೀಶರು ಕೊಟ್ರೇಶನನ್ನು ಕೇಳಿದರು.

“ಆಗ್ಲಿರಿ. ತಾವು ಹೇಳಿದಂಗ.”

ನಮ್ಮ ಕಡೆ ದೊಡ್ಡವರ ಮುಂದೆ ತಲೆ ತಗ್ಗಿಸಿ ಹೇಳುವ ಮಾತದು. ಅದರಲ್ಲಿ ಸೊಕ್ಕಿಲ್ಲ. ಕಾಗದದ ಮೇಲೆ ಬಿದ್ದಾಗ ಮಾತ್ರ ಬೇರೆಯಾಗಿ ಕಾಣುತ್ತದೆ. ಸರ್ಕಾರಿ ವಕೀಲರು ತಕ್ಷಣ ಎದ್ದು, ಪಶ್ಚಾತ್ತಾಪದ ಒಂದಕ್ಷರವೂ ಇಲ್ಲ ಎಂದರು. ನ್ಯಾಯಾಧೀಶರು ಕಡತ ತಿರುವಿ ಅಂಜಿನಪ್ಪನವರನ್ನು ಕೇಳಿದರು.

“ವರದಿಯಲ್ಲಿ ಮನೆಯ ವಾತಾವರಣ ಉತ್ತಮ ಎಂದಿದೆ. ನೀವು ಬೇರೆಯೇ ಹೇಳುತ್ತಿದ್ದೀರಿ. ಯಾವುದನ್ನು ನಂಬಲಿ?”

ಅಂಜಿನಪ್ಪನವರು ನಮ್ಮ ಬೆಂಚಿನ ಕಡೆ ತಿರುಗಿದರು. ಕಟಕಟೆಯಲ್ಲಿ ನಿಂತವನು ಬಾಯಿ ಬಿಡುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನಗೆ ತಿಳಿಯದೆಯೇ ನನ್ನ ಸೀರೆಯ ಸೆರಗು ಬಾಯಿಗೆ ಬಂದಿತ್ತು, ಗಂಟಲು ದಪ್ಪವಾಗುತ್ತಿತ್ತು. ಅಷ್ಟರಲ್ಲಿ ಪಕ್ಕದಿಂದ ಅವ್ವ ಎದ್ದು ನಿಂತಳು.

“ಸಾಹೇಬ್ರ, ಆ ಕುರ್ಚಿ ನಮ್ಮವಲ್ರಿ. ಎದುರು ಮನಿಯವ್ರವು.”

ಯಾರಿಗೂ ಅರ್ಥವಾಗಲಿಲ್ಲ. ನ್ಯಾಯಾಧೀಶರು ಮುಂದೆ ಬಂದು ಹೇಳಲು ಸನ್ನೆ ಮಾಡಿದರು. ಅವ್ವ ಹೋಗಿ ಕೈಮುಗಿದು ನಿಂತಳು.

“ಅಧಿಕಾರಿ ಬಂದಿದ್ರಲ್ರಿ, ಅವತ್ತಿನ ಕುರ್ಚಿ. ಕಪ್ಪೂ ನಮ್ಮವಲ್ಲ. ಸುಣ್ಣ ಅದಕ್ಕಂತನ ಹೊಡಿಸಿದ್ದು. ನಾ ಸುಳ್ಳು ಹೇಳೀನ್ರಿ. ಈ ವಕೀಲ್ರು ಹೇಳಿದ್ದು ಖರೆ. ಕಂಬಳಿ ಹೊಚ್ಚಿ ಹಿಡದಾಕಿ ನಾನರಿ. ಮೂರು ಕಾಯಿ ಹಾಕತಿದ್ದೆ. ಒಮ್ಮೊಮ್ಮಿ ಐದು.”

ಐದು ಎಂದು ನನಗೂ ಗೊತ್ತಿರಲಿಲ್ಲ. ಅವ್ವ ಅಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಅವಳು ನ್ಯಾಯಾಧೀಶರಿಗೆ ಬೆನ್ನು ಮಾಡಿ ಬಾಗಿಲ ಕಡೆ ತಿರುಗಿದಳು. ದೂರು ತಂದವರು ನಿಲ್ಲುವುದು ಬಾಗಿಲಲ್ಲಿ ಎಂಬುದೇ ಅವಳಿಗೆ ಗೊತ್ತಿದ್ದ ಕೋರ್ಟು. ರೇಣುಕಾಳ ಮುಖ ನೋಡಿ ಹೇಳಿದಳು.

“ತಪ್ಪಾತವ್ವ.”

ಯಾರ ತಪ್ಪು ಎಂದು ಅವಳು ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಆ ಮಾತು ಹೇಳಲು ಅದು ಬೇಕಾಗುವುದಿಲ್ಲ. ನ್ಯಾಯಾಧೀಶರು ಮೆಲ್ಲಗೆ ಸ್ಟೆನೋಗೆ ಹೇಳಿ ಬರೆಸಿದರು: ‘ಅಪರಾಧಿಯ ತಾಯಿ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ.’ ಹಿಂದೆಲ್ಲ ಆ ಮಾತು ಕೇಳಿದ ಮೇಲೆ ಬಂದವರು ಸಾಕು ಬಿಡು ಎಂದು ಹೋಗುತ್ತಿದ್ದರು. ರೇಣುಕಾ ಸಾಕು ಅನ್ನಲಿಲ್ಲ, ಏಳಲೂ ಇಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಅವಳು ಮಾಡಿದ್ದು ಸರಿ.

ಊಟದ ಹೊತ್ತಿನ ನಂತರ ಶಿಕ್ಷೆ ಓದಿದರು. ಜೀವಾವಧಿ. ಬೆಳೆದ ಬಗೆ, ಹಿಂದೆ ಅಪರಾಧವಿಲ್ಲದ್ದು, ಜೈಲಿನ ನಡತೆ, ತಾಯಿಯ ಮಾತು, ಎಲ್ಲವನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದರು. ಅಂಜಿನಪ್ಪನವರು ಕಡತ ಕಟ್ಟುತ್ತ ನನ್ನ ಕಡೆ ಒಮ್ಮೆ ತಲೆಯಾಡಿಸಿದರು. ನನಗೆ ಸಂತೋಷವಾಯಿತು ಎಂದರೆ ಸುಳ್ಳು, ಆಗಲಿಲ್ಲ ಎಂದರೂ ಸುಳ್ಳು. ಮೆಟ್ಟಿಲ ಹತ್ತಿರ ಪೊಲೀಸರು ಕೊಟ್ರೇಶನನ್ನು ಒಂದು ಗಳಿಗೆ ನಿಲ್ಲಿಸಿದರು. ಅವನು ಅವ್ವನ ಕಡೆ ನೋಡದೆ ನನ್ನನ್ನು ಕೇಳಿದ.

“ಅವ್ವ ಉಂಡಾಳೇನು?”

“ಇಲ್ಲ.”

“ಉಣಸು.”

ಅಷ್ಟೇ ಮಾತು. ಊರಿಗೆ ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು. ಬುತ್ತಿಯ ರೊಟ್ಟಿಯಲ್ಲಿ ಒಂದು ತುಂಡು ಮುರಿದು ಕೈಗೆ ಕೊಟ್ಟೆ, ತಿಂದಳು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಹೊರಗೆ ನೋಡುತ್ತಲೇ ಹೇಳಿದಳು.

“ಅವ ಒಮ್ಮಿನೂ ಅಂದಿಲ್ಲ. ಸಂದಿನ್ಯಾಗ ನಿಂತು ಅಂತಿದ್ದಾಕಿ ನೀನು.”

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

“ಗೊತ್ತಿತ್ತೇನು ನಿನಗ?”

“ಹಡದಾಕಿಗೆ ದನಿ ಗೊತ್ತಾಗೂದಿಲ್ಲೇನು? ಬಾಗಲಾಗ ಮಂದಿ ನಿಂತಿರತಿದ್ರು. ಆ ಮಾತು ಬರೂತನಕ ಕೈ ಬಿಡಂಗಿರಲಿಲ್ಲ. ನಿಲ್ಸಾಕ ನನಗೂ ಒಂದು ನೆವ ಬೇಕಾಗಿತ್ತು. ನೀ ತಡಾ ಮಾಡಿದ್ರ ನನಗ ಎದಿ ಹೊಡಕೊಂತಿತ್ತು, ಇನ್ನೂ ಯಾಕ ಅನವಲ್ಲಳು ಇಕಿ ಅಂತ.”

ಅಷ್ಟು ವರ್ಷ ಕಂಬಳಿಯ ಆ ಕಡೆ ಅವಳು, ಬಾಗಿಲ ಈ ಕಡೆ ನಾನು, ಇಬ್ಬರೂ ಒಂದೇ ಮಾತಿಗೆ ಕಾಯುತ್ತಿದ್ದೆವು. ಅವನೊಬ್ಬನೇ ಕಾಯುತ್ತಿರಲಿಲ್ಲ. ಬಸ್ಸು ಯಾವುದೋ ಕ್ರಾಸಿನಲ್ಲಿ ನಿಂತು ಜನರನ್ನು ಹತ್ತಿಸಿಕೊಂಡು ಹೊರಟಿತು. ಅವ್ವ ನನ್ನ ಮಣಿಕಟ್ಟು ಹಿಡಿದಳು.

“ಒಮ್ಮಿ ಅನ್ನು. ಅವನ ದನಿಯಾಗ.”

“ಇಲ್ಲೇನವ್ವ, ಮಂದಿ ಅದಾರ.”

“ಅನ್ನವ್ವ.”

ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಗಂಟಲು ದಪ್ಪ ಮಾಡಿದೆ. ಆ ಏಳು ವರ್ಷದ ಹುಡುಗನ ದನಿ ಎಲ್ಲಿತ್ತೋ ಅಲ್ಲೆಲ್ಲ ಹುಡುಕಿದೆ. ‘ತಪ್ಪಾತು’ ಅಂದೆ. ನನ್ನ ದನಿಯೇ ಬಂತು.